ಮೊದಲಿನ ಹಾಗಿಲ್ಲ

ಚಿಕ್ಕವನಿದ್ದಾಗ ರಾತ್ರಿಯಿಡೀ ಆಟ ನೋಡಿ ಬೆಳಗಿನ ಜಾವ ಮನೆಗೆ ನಡೆದು ಬರುವಾಗ ದೊಡ್ಡವರು ತಪ್ಪದೆ ಒಂದು ಮಾತು ಹೇಳುತ್ತಿದ್ದರು: "ಭಾಗವತರು ಮೊದ್ಲಿನ ಹಂಗಿಲ್ಲ ಮಾರಾಯ." ನಾನು ಹುಟ್ಟುವ ಮುಂಚೆ ಆ ಭಾಗವತರು ಹೇಗೆ ಹಾಡುತ್ತಿದ್ದರೋ ನನಗೇನು ಗೊತ್ತು? ನನಗೆ ಸಿಕ್ಕಿದ್ದು ಆ ರಾತ್ರಿಯ ಸ್ವರ. ನಿದ್ದೆಗಣ್ಣಲ್ಲೂ ಮೈ ಜುಮ್ ಅಂದಿತ್ತು.

ಡೆಪೆಶ್ ಮೋಡ್ ಅನ್ನುವ ಇಂಗ್ಲಿಷ್ ಬ್ಯಾಂಡಿನ ಅಭಿಮಾನಿಗಳ ಬಾಯಲ್ಲೂ ಇದೇ ಮಾತು. 1980ರಲ್ಲಿ ಲಂಡನ್ನಿನ ಪೂರ್ವಕ್ಕಿರುವ ಬ್ಯಾಸಿಲ್ಡನ್ ಎಂಬ ಊರಲ್ಲಿ ಶುರುವಾದ ತಂಡ. ಗಿಟಾರ್ ಬದಿಗಿಟ್ಟು ಸಿಂಥಸೈಜರ್ ಹಿಡಿದವರು. ನಲವತ್ತು ವರ್ಷ ದಾಟಿದ ಮೇಲೂ ಹೊಸ ಆಲ್ಬಮ್ ತಂದು ಸ್ಟೇಡಿಯಂ ತುಂಬಿಸಿದವರು. 1990ರ 'ವಯೊಲೇಟರ್' ಅವರ ನೆತ್ತಿ, 1993ರ 'ಸಾಂಗ್ಸ್ ಆಫ್ ಫೇತ್ ಅಂಡ್ ಡಿವೋಶನ್' ತನಕ ಹೇಗೋ ಅಲ್ಲೇ ನಿಂತಿದ್ದರು, ಆಮೇಲಿನದೆಲ್ಲ ಇಳಿಜಾರು. ಇದು ಬಹುತೇಕ ಒಪ್ಪಿತ ತೀರ್ಪು. ಆಮೇಲಿನ ಆಲ್ಬಮ್‌ಗಳನ್ನು ಕಾನ್ಸರ್ಟಿಗೆ ಹೊರಡಲು ಒಂದು ನೆಪ ಅಂತಲೇ ಹೇಳುವವರಿದ್ದಾರೆ.

ನನ್ನ ಕಥೆ ಉಲ್ಟಾ. ನಾನು ಈ ಮನೆಗೆ ಹಿತ್ತಿಲ ಬಾಗಿಲಿಂದ ಬಂದವನು. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಎದುರು ರೂಮಿನವನ ಹಾರ್ಡ್‌ಡಿಸ್ಕಿನಲ್ಲಿ ಸಿಕ್ಕಿದ್ದು 2005ರ 'ಪ್ಲೇಯಿಂಗ್ ದಿ ಏಂಜೆಲ್'. ಅದು ಅವರ ಹನ್ನೊಂದನೇ ಆಲ್ಬಮ್, ಹಿಂದೆ ಇನ್ನೂ ಹತ್ತಿವೆ ಅನ್ನುವುದೇ ಗೊತ್ತಿರಲಿಲ್ಲ. ಎರಡು ಸೆಮಿಸ್ಟರ್ ಅದನ್ನೇ ಅರೆದು ಕುಡಿದೆ. 'ವಯೊಲೇಟರ್' ಕೇಳಿದ್ದು ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದಮೇಲೆ, ಪಿಜಿಯ ಬಾಲ್ಕನಿಯಲ್ಲಿ. ಕೇಳಿದ ರಾತ್ರಿ ಖುಷಿಗಿಂತ ಹೆಚ್ಚಾಗಿ ಪೆಚ್ಚಾಯಿತು. ನಾನು ಅಷ್ಟು ಪ್ರೀತಿಸಿದ ಆಲ್ಬಮ್ಮಿನಲ್ಲಿ ಏನೋ ಒಂದು ಇಲ್ಲ ಅಂತ ಆಗ ಗೊತ್ತಾಯಿತು. ಏನಿಲ್ಲ ಅಂತ ಪತ್ತೆ ಮಾಡಲು ವರ್ಷಗಳೇ ಹಿಡಿದವು.

ಇಲ್ಲದಿರುವುದು ಒಬ್ಬ ಮನುಷ್ಯ. ಹೆಸರು ಅಲನ್ ವೈಲ್ಡರ್.

ತಂಡದೊಳಗಿನ ಕೆಲಸದ ಹಂಚಿಕೆ ಹೀಗಿತ್ತು: ಮಾರ್ಟಿನ್ ಗೋರ್ ಹಾಡು ಬರೆಯುವವನು, ಡೇವ್ ಗಾಹನ್ ಹಾಡುವವನು, ಆಂಡಿ ಫ್ಲೆಚರ್... ಅವನ ವಿಷಯ ಆಮೇಲೆ. ಮೊದಲ ಆಲ್ಬಮ್ ಆದಮೇಲೆ ವಿನ್ಸ್ ಕ್ಲಾರ್ಕ್ ಬಿಟ್ಟುಹೋಗಿ, 1982ರಲ್ಲಿ ಬಂದು ಸೇರಿಕೊಂಡ ವೈಲ್ಡರ್ ಸ್ಟುಡಿಯೋದಲ್ಲಿ ಕೂತು ಹಾಡಿಗೆ ಮೈ ಕೊಡುವವನು. 'ಎಂಜಾಯ್ ದಿ ಸೈಲೆನ್ಸ್' ನೀವೂ ಎಲ್ಲೋ ಕೇಳಿರುತ್ತೀರಿ, ಹೆಸರು ಗೊತ್ತಿಲ್ಲದಿದ್ದರೂ. ಗೋರ್ ತಂದಾಗ ಅದೊಂದು ನಿಧಾನದ, ಒಂಟಿ ಹಾಡು. ಅದರ ಹಾರ್ಮೋನಿಯಂ ಆವೃತ್ತಿಯೊಂದು ಹೊರಗೂ ಬಂದಿದೆ: ಗೋರ್‌ನ ದನಿ, ಹಿಂದೆ ಹಾರ್ಮೋನಿಯಂ, ಅಷ್ಟೆ. ಕೇಳಿದರೆ ಶನಿವಾರದ ಭಜನೆ ಮುಗಿದು ಎಲ್ಲರೂ ಎದ್ದುಹೋದ ಮೇಲೆ ಒಬ್ಬನೇ ಕೂತು ಹಾಡಿದಂತಿದೆ. ಇದನ್ನು ವೇಗ ಮಾಡೋಣ, ಕೆಳಗೊಂದು ಡ್ಯಾನ್ಸ್ ಬೀಟ್ ಹಾಕೋಣ ಅಂದವನು ವೈಲ್ಡರ್. ಬರೆದವನಿಗೆ ಅದು ಮೊದಲು ಸರಿಬರಲಿಲ್ಲ. ಆಮೇಲೆ ಏನಾಯಿತು ಅಂತ ಜಗತ್ತಿಗೇ ಗೊತ್ತು.

ವೈಲ್ಡರ್‌ನ ಕೈಚಳಕ ಬರೀ ಬೀಟಿನಲ್ಲಿಲ್ಲ. ಅವನಿದ್ದ ಕಾಲದ ಹಾಡು ನಡೆಯುತ್ತಾ ನಡೆಯುತ್ತಾ ಬದಲಾಗುತ್ತದೆ. 1987ರ 'ನೆವರ್ ಲೆಟ್ ಮಿ ಡೌನ್ ಅಗೇನ್' ಎಲ್ಲಿ ಶುರುವಾಗಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ. ಎರಡನೇ ಚರಣಕ್ಕೆ ಬರುವಾಗ ಮೊದಲನೆಯದರಲ್ಲಿ ಇಲ್ಲದ್ದೊಂದು ಸದ್ದು ಸೇರಿರುತ್ತದೆ, ಇದ್ದದ್ದೊಂದು ಜಾಗ ಬಿಟ್ಟಿರುತ್ತದೆ. ಕೇಳುವವನಿಗೆ ಲೆಕ್ಕ ಸಿಗುವುದಿಲ್ಲ, ಮೈಗೆ ಗೊತ್ತಾಗುತ್ತದೆ. 1995ರ ಜೂನ್‌ನಲ್ಲಿ ವೈಲ್ಡರ್ ತಂಡ ಬಿಟ್ಟ. ಕೆಲಸದ ಹೊರೆ ಸಮನಾಗಿ ಹಂಚಿಲ್ಲ, ಮಾಡಿದ್ದಕ್ಕೆ ತಕ್ಕ ಮರ್ಯಾದೆಯೂ ಇಲ್ಲ ಅನ್ನುವ ಅರ್ಥದ ಹೇಳಿಕೆ ಕೊಟ್ಟೇ ಹೋದ. ಇಂಥವರೊಬ್ಬರು ನಮ್ಮ ಎಲ್ಲ ಟೀಮುಗಳಲ್ಲೂ ಇರುತ್ತಾರೆ. ಡೆಮೋ ಕೊಡುವವರು ಬೇರೆ. ಇವರು ಹೋದ ಮರುದಿನವೂ ಬಿಲ್ಡ್ ಓಡುತ್ತದೆ, ಏನೂ ಆಗಿಲ್ಲ ಅಂದುಕೊಳ್ಳುತ್ತೇವೆ.

ಡೆಪೆಶ್ ಮೋಡ್‌ನಲ್ಲೂ ಏನೂ ಆಗಿಲ್ಲ ಅನ್ನಿಸಿತು. 1997ರಲ್ಲಿ 'ಅಲ್ಟ್ರಾ' ಬಂತು. ಅದಕ್ಕೆ ಮುಂಚೆ, 1996ರ ಮೇ ತಿಂಗಳಲ್ಲಿ, ಗಾಹನ್ ಡ್ರಗ್ಸ್ ಅತಿಯಾಗಿ ಸತ್ತು ಬದುಕಿದ್ದ. ಹಾಗಾಗಿ ಆ ಆಲ್ಬಮ್ ಬಂದದ್ದೇ ಒಂದು ಪವಾಡ, ಅದರ ಮೇಲೆ ತಕ್ಕಡಿ ಇಡುವುದು ಸರಿಯಲ್ಲ. ಚೆನ್ನಾಗಿಯೂ ಇದೆ ಬಿಡಿ. ನಿಜವಾದ ಲೆಕ್ಕ ಶುರುವಾಗುವುದು 2001ರ 'ಎಕ್ಸೈಟರ್'ನಿಂದ.

'ಎಕ್ಸೈಟರ್'ಗೆ ಪ್ರೊಡ್ಯೂಸರ್ ಆಗಿ ಬಂದವನು ಮಾರ್ಕ್ ಬೆಲ್. ಎಲ್‌ಎಫ್‌ಒ ಎಂಬ ಟೆಕ್ನೋ ತಂಡದವನು, ಬ್ಯೋರ್ಕ್ ಜೊತೆ ಕೆಲಸ ಮಾಡಿದವನು. ಸದ್ದನ್ನು ಕಡಿಮೆ ಮಾಡುವುದು ಅವನ ವಿದ್ಯೆ. 'ಡ್ರೀಮ್ ಆನ್'ನಲ್ಲಿ ಒಂದು ಒಣ ಗಿಟಾರ್, ಕೆಳಗೆ ಹುಳ ಹರಿದಂಥ ಚಿಟಿಚಿಟಿ ಬೀಟ್. ಕೊನೆಯ 'ಗುಡ್‌ನೈಟ್ ಲವರ್ಸ್' ಪಕ್ಕಾ ಜೋಗುಳ. ಗಾಹನ್ ಇಷ್ಟು ಮೆತ್ತಗೆ ಹಾಡಿದ್ದು ಅದಕ್ಕೆ ಮುಂಚೆ ನಾನಂತೂ ಕೇಳಿಲ್ಲ. ಆದರೆ ನಡುವಿನ ಹಾಡುಗಳು ಕೋಣೆಯ ಒಂದೇ ಮೂಲೆಯಲ್ಲಿ ಕೂತು ಅಲ್ಲೇ ತೂಕಡಿಸುತ್ತವೆ. 'ಫ್ರೀಲವ್' ಸಿಂಗಲ್ ಆಗಿ ಹೊರಬಂದಾಗ ಅದನ್ನು ಫ್ಲಡ್ ಕೈಗೆ ಕೊಟ್ಟು ಹೊಸದಾಗಿ ಮಿಕ್ಸ್ ಮಾಡಿಸಿದರು, 'ವಯೊಲೇಟರ್' ಕಾಲದ ಅದೇ ಫ್ಲಡ್. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಆಲ್ಬಮ್ಮಿನಲ್ಲಿ ಮಲಗಿದ್ದ ಹಾಡು ಸಿಂಗಲ್ಲಿನಲ್ಲಿ ಎದ್ದು ಕೂತಿದೆ. ಹಾಡಿನಲ್ಲಿ ಕೊರತೆ ಇರಲಿಲ್ಲ, ಅದನ್ನು ಎಬ್ಬಿಸುವವರಿರಲಿಲ್ಲ.

ಈಗ ನನ್ನ 'ಪ್ಲೇಯಿಂಗ್ ದಿ ಏಂಜೆಲ್'. ಇದರ ಬಗ್ಗೆ ತಕ್ಕಡಿ ನೆಟ್ಟಗೆ ಹಿಡಿಯುವುದು ನನಗೆ ಕಷ್ಟ, ಪ್ರಯತ್ನಿಸುತ್ತೇನೆ.

ಮೊದಲ ಹಾಡು 'ಎ ಪೇನ್ ದಟ್ ಐ ಆ್ಯಮ್ ಯೂಸ್ಡ್ ಟು' ಒಂದು ಕಿರುಚಾಟದಿಂದ ಶುರುವಾಗುತ್ತದೆ. ಸೈರನ್ನೋ, ಹಾಳಾದ ಮೋಟರೋ ಹೇಳಲಾಗದು. ಹಾಸ್ಟೆಲಿನ ಅಗ್ಗದ ಸ್ಪೀಕರಿನಲ್ಲಿ ಮೊದಲ ಸಲ ಹಾಕಿದಾಗ ಸ್ಪೀಕರ್ ಹೋಯಿತು ಅಂತಲೇ ಅಂದುಕೊಂಡಿದ್ದೆ. ಆಮೇಲೆ ಸದ್ದು ಪಟ್ಟನೆ ಇಳಿದು ಗಾಹನ್‌ನ ದನಿ ಹತ್ತಿರದಿಂದ ಬರುತ್ತದೆ. ಆ ಇಳಿತ ಇವತ್ತಿಗೂ ನನ್ನ ಮೇಲೆ ಕೆಲಸ ಮಾಡುತ್ತದೆ. 'ಪ್ರೆಶಸ್' ಇರುವುದು ಇದರಲ್ಲೇ. ಮದುವೆ ಮುರಿದಾಗ ಗೋರ್ ತನ್ನ ಮಕ್ಕಳನ್ನು ನೆನೆದು ಬರೆದ ಹಾಡು. ಹಾಸ್ಟೆಲಿನಲ್ಲಿ ನಾವು ಅದನ್ನು ಕೈಕೊಟ್ಟ ಹುಡುಗಿಯ ಹಾಡು ಅಂತ ತಿಳಿದು ಹತ್ತಾರು ಸಲ ಹಾಕಿಕೊಂಡಿದ್ದೆವು. ನಿಜ ತಿಳಿದ ಮೇಲೆ ಆ ಸಣ್ಣ ಮಿನುಗುವ ಸಿಂಥ್ ಎಳೆ, ಮಕ್ಕಳ ತೊಟ್ಟಿಲಿಗೆ ಕಟ್ಟುವ ಆಟಿಕೆಯ ಸದ್ದಿನಂತೆ ಕೇಳತೊಡಗಿತು.

ಇದೇ ಆಲ್ಬಮ್ಮಿನಲ್ಲಿ ಗಾಹನ್ ಬರೆದ ಹಾಡುಗಳು ಡೆಪೆಶ್ ಮೋಡ್ ಹೆಸರಿನಲ್ಲಿ ಮೊದಲ ಸಲ ಬಂದವು. ಇಪ್ಪತ್ತು ವರ್ಷಕ್ಕೂ ಮೇಲೆ ಇನ್ನೊಬ್ಬ ಬರೆದದ್ದನ್ನು ಹಾಡಿದವನು 2003ರಲ್ಲಿ ತನ್ನದೇ ಸೋಲೋ ಆಲ್ಬಮ್ ಮಾಡಿ, ವಾಪಸ್ ಬಂದು ನನ್ನ ಹಾಡಿಗೂ ಜಾಗ ಕೊಡಿ ಅಂದ. ಮೂರಕ್ಕೆ ಜಾಗ ಸಿಕ್ಕಿತು. 'ಸಫರ್ ವೆಲ್' ಗೋರ್‌ನ ಹಾಡುಗಳ ಪಕ್ಕ ನಿಲ್ಲುವಷ್ಟು ಗಟ್ಟಿ. 'ಐ ವಾಂಟ್ ಇಟ್ ಆಲ್' ಆರು ನಿಮಿಷ ಎಳೆಯುತ್ತದೆ, ಯಾರಾದರೂ ಕತ್ತರಿ ಆಡಿಸಬೇಕಿತ್ತು.

ಇನ್ನು ದೂರು. ಒಮ್ಮೆ ಕುತೂಹಲಕ್ಕೆ ಇದರ ಫೈಲನ್ನು ಆಡಾಸಿಟಿಯಲ್ಲಿ ತೆರೆದು ನೋಡಿದೆ. ಏರಿಳಿತ ಇರಬೇಕಾದ ಅಲೆ ಇಟ್ಟಿಗೆ ಗೋಡೆಯ ಹಾಗೆ ನೆಟ್ಟಗೆ ನಿಂತಿದೆ, ತುದಿ ಸವರಿ ಹಾಕಿದಂತೆ. ಆ ಕಾಲದ ಹುಚ್ಚು ಅದು. ರೇಡಿಯೋದಲ್ಲಿ ಪಕ್ಕದವನಿಗಿಂತ ಜೋರಾಗಿ ಕೇಳಬೇಕು ಅಂತ ಎಲ್ಲರೂ ಮಾಸ್ಟರಿಂಗ್‌ನಲ್ಲಿ ಸದ್ದನ್ನು ಒತ್ತಿ ಒತ್ತಿ ತುಂಬುತ್ತಿದ್ದರು. ಹಾಡಿನ ಕಟ್ಟಡವೂ ಹಾಗೆಯೇ ಇದೆ. ಪ್ರೊಡ್ಯೂಸರ್ ಬೆನ್ ಹಿಲಿಯರ್ ಒಳ್ಳೊಳ್ಳೆಯ ಒರಟು ಸದ್ದುಗಳನ್ನು ಹುಡುಕಿ ತಂದಿದ್ದಾನೆ, ಆದರೆ ಮೊದಲ ಅರ್ಧ ನಿಮಿಷದಲ್ಲಿ ಏನು ಕೇಳುತ್ತದೋ ನಾಲ್ಕನೇ ನಿಮಿಷದಲ್ಲೂ ಅದೇ, ಇನ್ನಷ್ಟು ಜೋರಾಗಿ. ಪಿಜಿಯ ಬಾಲ್ಕನಿಯಲ್ಲಿ ನನ್ನನ್ನು ಪೆಚ್ಚಾಗಿಸಿದ್ದು ಇದೇ. ಇಷ್ಟೆಲ್ಲ ಹೇಳಿಯೂ, ಕೊನೆಯ 'ದಿ ಡಾರ್ಕೆಸ್ಟ್ ಸ್ಟಾರ್' ಬಂದಾಗ ನಾನು ಕೈಯಲ್ಲಿರುವ ಕೆಲಸ ನಿಲ್ಲಿಸುತ್ತೇನೆ. ವೈಲ್ಡರ್ ಇಲ್ಲದ ಕಾಲದ ಮೊದಲ ಪೂರ್ತಿ ಆಲ್ಬಮ್ ಅಂದರೆ ಇದೇ.

2009ರ 'ಸೌಂಡ್ಸ್ ಆಫ್ ದಿ ಯೂನಿವರ್ಸ್' ವೇಳೆಗೆ ಗೋರ್ ಕುಡಿತ ಬಿಟ್ಟಿದ್ದ. ಕೈಗೆ ಇನ್ನೊಂದು ಚಟ ಸಿಕ್ಕಿತ್ತು: ಇಬೇಯಲ್ಲಿ ಹಳೇ ಅನಲಾಗ್ ಸಿಂಥ್ ಮತ್ತು ಡ್ರಮ್ ಮೆಷಿನ್ ಕೊಳ್ಳುವುದು. ಸ್ಟುಡಿಯೋಗೆ ಪಾರ್ಸೆಲ್ ಮೇಲೆ ಪಾರ್ಸೆಲ್ ಬರುತ್ತಿತ್ತಂತೆ. ಆಲ್ಬಮ್ ಕೇಳಿದರೆ ಪಾರ್ಸೆಲ್ ಬಿಚ್ಚುವ ಸಂಭ್ರಮ ಕೇಳಿಸುತ್ತದೆ. 'ಇನ್ ಚೇನ್ಸ್' ಶುರುವಿನಲ್ಲಿ ಯಂತ್ರಗಳೆಲ್ಲ ಒಟ್ಟಿಗೆ ಎದ್ದು ಶ್ರುತಿ ಹಿಡಿಯುವ ಹಾಗೆ ಗುಂಯ್‌ಗುಡುತ್ತವೆ, ಅಷ್ಟು ಹೊತ್ತು ಸೊಗಸು. ಆಮೇಲೆ ಹದಿಮೂರು ಹಾಡು, ಒಂದು ಗಂಟೆ. ಪ್ರತಿ ಹಾಡಿನಲ್ಲೂ ಹೊಸ ಆಟಿಕೆ, ಹಾಡು ಮಾತ್ರ ಹಿಂದೆ ಎಲ್ಲೋ. 'ರಾಂಗ್' ಒಂದೇ ಇದಕ್ಕೆ ಹೊರತು. ಒಂದೇ ಪದವನ್ನು ಸುತ್ತಿಗೆಯ ಹಾಗೆ ಹೊಡೆಯುತ್ತಾ ಹೋಗುವ, ಪಲ್ಲವಿಯೇ ಇಲ್ಲದಂಥ ಹಾಡು. ಅದನ್ನು ಮೊದಲ ಸಿಂಗಲ್ ಆಗಿ ಬಿಡಲು ಧೈರ್ಯ ಬೇಕಿತ್ತು. ಆ ಧೈರ್ಯ ಉಳಿದ ಹನ್ನೆರಡಕ್ಕೆ ಹಂಚಿಕೆಯಾಗಲಿಲ್ಲ. 'ಪೀಸ್'ನಲ್ಲಿ ಶಾಂತಿ ಸಿಕ್ಕಿದೆ ಅಂತ ಗೋರ್ ನಂಬಿಸಲು ನೋಡುತ್ತಾನೆ. ಸಿಕ್ಕಿದ್ದರೆ ಅವನಿಗೆ ಒಳ್ಳೆಯದು. ಹಾಡಿಗೆ ಅದರಿಂದ ಏನೂ ಸಿಕ್ಕಿಲ್ಲ.

2013ರ 'ಡೆಲ್ಟಾ ಮೆಷಿನ್' ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಮೆರಿಕದ ಬ್ಲೂಸನ್ನೂ ಯಂತ್ರವನ್ನೂ ಕೂಡಿಸುವ ಆಸೆ ಹೆಸರಿನಲ್ಲೇ ಇದೆ. 'ಪರ್ಸನಲ್ ಜೀಸಸ್' 1989ರಲ್ಲೇ ಅದನ್ನು ಮಾಡಿ ಮುಗಿಸಿತ್ತು. ಹಿಲಿಯರ್ ಜೊತೆ ಮೂರನೇ ಆಲ್ಬಮ್. ಮಿಕ್ಸ್ ಮಾಡಲು ಫ್ಲಡ್ ವಾಪಸ್ ಬಂದ, ಅಷ್ಟರಲ್ಲಿ ಅಡಿಗೆ ಆಗಿಹೋಗಿತ್ತು, ಒಗ್ಗರಣೆಯಷ್ಟೇ ಅವನ ಪಾಲಿಗೆ. 'ಹೆವನ್' ಇಟ್ಟುಕೊಳ್ಳಿ.

'ಸ್ಪಿರಿಟ್' 2017ರ ಮಾರ್ಚ್‌ನಲ್ಲಿ ಬಂತು, ಬ್ರೆಕ್ಸಿಟ್ ಮತ್ತು ಟ್ರಂಪ್ ಗೆಲುವಿನ ಬೆನ್ನಿಗೆ. ಅದಕ್ಕೆ ಕೆಲವೇ ವಾರ ಮುಂಚೆ ರಿಚರ್ಡ್ ಸ್ಪೆನ್ಸರ್ ಎಂಬ ಅಮೆರಿಕದ ಬಿಳಿಯರ ಮೇಲರಿಮೆಯ ನಾಯಕ, ಡೆಪೆಶ್ ಮೋಡ್ ನಮ್ಮ ಪಂಥದ ಅಧಿಕೃತ ಬ್ಯಾಂಡ್ ಅಂದುಬಿಟ್ಟ. ತಂಡ ತಕ್ಷಣ ಅದನ್ನು ತಳ್ಳಿಹಾಕಿತು. ಆಲ್ಬಮ್ಮಿನ ಸಿಟ್ಟು ಪ್ರಾಮಾಣಿಕವಾದದ್ದು, ಅದರಲ್ಲಿ ನನಗೆ ಅನುಮಾನವಿಲ್ಲ. ತೊಂದರೆ ಎಂದರೆ ಗೋರ್‌ನ ಜೀವಮಾನದ ವಸ್ತು ಪಾಪ, ಆಸೆ, ತಪ್ಪೊಪ್ಪಿಗೆ. ಬೆರಳು ತನ್ನ ಕಡೆಗೇ ತೋರಿಸುವವನು. ಇಲ್ಲಿ ಆ ಬೆರಳು ಜನರ ಕಡೆ ತಿರುಗಿದೆ. 'ವೇರ್ಸ್ ದಿ ರೆವಲ್ಯೂಶನ್' ಕೇಳುವಾಗ ಸ್ಟೇಡಿಯಂ ತುಂಬಿಸುವ ಶ್ರೀಮಂತನೊಬ್ಬ ನಮ್ಮನ್ನು ಯಾಕ್ರೋ ಸುಮ್ಮನೆ ಕೂತಿದ್ದೀರಿ ಅಂತ ಗದರಿದ ಹಾಗಾಗುತ್ತದೆ. ಆದರೆ ಹೊಸ ಪ್ರೊಡ್ಯೂಸರ್ ಜೇಮ್ಸ್ ಫೋರ್ಡ್ ಕೈಯಲ್ಲಿ ಸದ್ದು ಶಿಸ್ತಿಗೆ ಬಂದಿದೆ. 'ಕವರ್ ಮಿ' ಅರ್ಧದ ತನಕ ಹಾಡು, ಅಲ್ಲಿಂದ ಮಾತಿಲ್ಲದೆ ಬರೀ ಸಿಂಥ್. ನಡೆಯುತ್ತಾ ಬದಲಾಗುವ ಹಾಡು, ಎಷ್ಟೋ ವರ್ಷಗಳ ನಂತರ.

ಫ್ಲೆಚರ್ ವಿಷಯ ಆಮೇಲೆ ಅಂದಿದ್ದೆ. ತಮಾಷೆ ಎಂದರೆ ಅಭಿಮಾನಿಗಳ ನಡುವೆ ಹಳೇ ಪ್ರಶ್ನೆ ಒಂದಿತ್ತು: ಈ ಆಂಡಿ ಫ್ಲೆಚರ್ ಮಾಡುವುದಾದರೂ ಏನು? ಹಾಡು ಬರೆಯುವುದಿಲ್ಲ, ಹಾಡುವುದಿಲ್ಲ. ವೇದಿಕೆ ಮೇಲೆ ಕೀಬೋರ್ಡ್ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಾನೆ. 1988ರ ಅಮೆರಿಕ ಪ್ರವಾಸದ ಮೇಲೆ ಡಿ. ಎ. ಪೆನ್ನೆಬೇಕರ್ ಮಾಡಿದ '101' ಸಾಕ್ಷ್ಯಚಿತ್ರದಲ್ಲಿ ಅವನೇ ಉಳಿದ ಮೂವರ ಕೆಲಸ ಏನೇನು ಅಂತ ಪಟ್ಟಿ ಹೇಳಿ, ತಾನು ಸುಮ್ಮನೆ ಅಡ್ಡಾಡಿಕೊಂಡಿರುವವನು ಅಂತ ನಗುತ್ತಾನೆ. ನಿಜದಲ್ಲಿ ತಂಡಕ್ಕೆ ಪೂರ್ಣಾವಧಿ ಮ್ಯಾನೇಜರ್ ಇಲ್ಲದ ವರ್ಷಗಳಲ್ಲಿ ಲೆಕ್ಕಪತ್ರ, ವ್ಯವಹಾರ ನೋಡಿಕೊಂಡವನು ಅವನು. ಗೋರ್ ಮತ್ತು ಗಾಹನ್ ನಡುವೆ ನಿಂತವನೂ ಅವನೇ. ಇಬ್ಬರಿಗೂ ಮುಖಾಮುಖಿ ಮಾತಾಡುವ ಅಭ್ಯಾಸ ಕಡಿಮೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಇಂಥವರನ್ನು ನೋಡಿ, ಇವರು ಒಂದು ಲೈನ್ ಕೋಡ್ ಬರೆಯುವುದಿಲ್ಲವಲ್ಲ ಅಂತ ಮೂಗು ಮುರಿದವನೇ.

2022ರ ಮೇ 26ರಂದು ಫ್ಲೆಚರ್ ತೀರಿಕೊಂಡ. ಅರವತ್ತು ವರ್ಷ. ಹೊಸ ಆಲ್ಬಮ್ಮಿಗೆ ಹಾಡುಗಳು ಆಗಲೇ ಬಹುಪಾಲು ಸಿದ್ಧವಿದ್ದವು. 'ಮೆಮೆಂಟೊ ಮೋರಿ', ಸಾವನ್ನು ನೆನಪಿಡು ಅನ್ನುವ ಹೆಸರೂ ಅವನಿರುವಾಗಲೇ ಆರಿಸಿದ್ದು. ಇದನ್ನು ತಿಳಿದ ಮೇಲೆ ಆ ಹೆಸರನ್ನು ಮಾರಾಟದ ತಂತ್ರ ಅಂತ ಬೈಯಲು ಬರುವುದಿಲ್ಲ. ಎರಡು ತಿಂಗಳೊಳಗೆ ಉಳಿದ ಇಬ್ಬರು ಸ್ಯಾಂಟಾ ಬಾರ್ಬರಾದಲ್ಲಿ ಗೋರ್‌ನ ಸ್ಟುಡಿಯೋದಲ್ಲಿ ಕೂತರು. ನಡುವೆ ನಿಲ್ಲುವವನು ಇರಲಿಲ್ಲ. ಮಾತಾಡಲೇಬೇಕಿತ್ತು.

2023ರ ಮಾರ್ಚ್ 24ರಂದು ಬಂದ ಆ ಆಲ್ಬಮ್ಮನ್ನು ನಾನು ಮೊದಲ ದಿನ ಕೇಳಲಿಲ್ಲ. ಅನುಕಂಪದಲ್ಲಿ ಚೆನ್ನಾಗಿದೆ ಅಂದುಬಿಡುತ್ತೇನೆ ಅನ್ನುವ ಭಯ. ಒಂದು ವಾರ ಬಿಟ್ಟು ಕೇಳಿದೆ, ಆಮೇಲೆ ಆರು ತಿಂಗಳು ಬಿಟ್ಟು ಇನ್ನೊಮ್ಮೆ. ಅನುಕಂಪ ಕರಗುವಷ್ಟು ಸಮಯ ಕೊಟ್ಟೇ ಹೇಳುತ್ತಿದ್ದೇನೆ: 1993ರ ನಂತರದ ಅವರ ಅತ್ಯುತ್ತಮ ಕೆಲಸ ಇದು. ನನ್ನ ಹಾಸ್ಟೆಲಿನ ಆಲ್ಬಮ್ಮಿಗಿಂತಲೂ ಮೇಲೆ. ಇದನ್ನು ಬರೆಯಲು ನನಗೆ ಸ್ವಲ್ಪ ಸಂಕಟವೇ ಆಗುತ್ತಿದೆ.

ಕಾರಣ ಕಿವಿಗೆ ಸಿಗುವಂಥದ್ದೇ. ಜೇಮ್ಸ್ ಫೋರ್ಡ್ ಜೊತೆ ಈ ಸಲ ಮಾರ್ಟಾ ಸಲೋನ್ಯಿ ಇದ್ದಾಳೆ, ಟೇಪ್ ಮೆಷಿನ್‌ಗಳ ಜೊತೆ ಆಟವಾಡುವ ಎಂಜಿನಿಯರ್. ಸದ್ದಿಗೆ ಮತ್ತೆ ಗಾಳಿ ಬಂದಿದೆ. ಗೋಡೆ ಇಲ್ಲ, ಕಿಟಕಿಗಳಿವೆ. ಮೊದಲ 'ಮೈ ಕಾಸ್ಮಾಸ್ ಈಸ್ ಮೈನ್' ಕಬ್ಬಿಣ ಎಳೆದ ಹಾಗೆ ನಿಧಾನಕ್ಕೆ ಬರುತ್ತದೆ, ಯಾರನ್ನೂ ಮೆಚ್ಚಿಸುವ ಅವಸರವಿಲ್ಲ. ಎರಡನೆಯದು 'ವ್ಯಾಗಿಂಗ್ ಟಂಗ್', ಗೋರ್ ಮತ್ತು ಗಾಹನ್ ಸೇರಿ ಬರೆದದ್ದು. ನಾಲ್ಕು ಹಾಡುಗಳಿಗೆ ಗೋರ್ ಹೊರಗಿನವನೊಬ್ಬನನ್ನು ಕೂಡಿಸಿಕೊಂಡಿದ್ದಾನೆ, ಸೈಕಡೆಲಿಕ್ ಫರ್ಸ್ ತಂಡದ ರಿಚರ್ಡ್ ಬಟ್ಲರ್. ನಲವತ್ತು ವರ್ಷ ಬಹುತೇಕ ಒಬ್ಬನೇ ಬರೆದವನು ಅರವತ್ತರ ಹೊತ್ತಿಗೆ ಪಕ್ಕದಲ್ಲೊಂದು ಕುರ್ಚಿ ಹಾಕಿದ. ವೈಲ್ಡರ್‌ಗೆ ಆ ಕುರ್ಚಿ ಕೊಡಲು ಆಗಿರಲಿಲ್ಲ. ಆ ನಾಲ್ಕರಲ್ಲಿ 'ಕ್ಯಾರೊಲೈನ್ಸ್ ಮಂಕಿ' ಸಪ್ಪೆ. 'ಗೋಸ್ಟ್ಸ್ ಅಗೇನ್' ಮಾತ್ರ ಅವರ ಜೀವಮಾನದ ಹತ್ತು ಹಾಡುಗಳಲ್ಲಿ ಒಂದು. ಸಾವಿನ ಬಗ್ಗೆ ಇದ್ದೂ ಕಾಲು ತಾಳ ಹಾಕುತ್ತದೆ, ಆ ಗಿಟಾರಿನ ಎಳೆ ಹಗುರಾಗಿ ಮೇಲೇರುತ್ತದೆ, ಎಲ್ಲೂ ಅಳುವುದಿಲ್ಲ. ಆಂಟನ್ ಕಾರ್ಬೈನ್ ಮಾಡಿದ ಕಪ್ಪುಬಿಳುಪು ವಿಡಿಯೋದಲ್ಲಿ ಇಬ್ಬರು ಮುದುಕರು ಎದುರುಬದುರು ಕೂತು ಚೆಸ್ ಆಡುತ್ತಾರೆ. ಬರ್ಗ್‌ಮನ್ ಸಿನಿಮಾದಲ್ಲಿ ಸಾವಿನ ಜೊತೆ ಆಡುವ ಚೆಸ್ ಅದು. ಇಲ್ಲಿ ಯಾರು ಸಾವು, ಯಾರು ಮನುಷ್ಯ ಅಂತ ಹೇಳುವುದಿಲ್ಲ. ಮೂರನೇ ಕುರ್ಚಿ ಇಲ್ಲದಿರುವುದಂತೂ ಕಾಣುತ್ತದೆ.

ವೈಲ್ಡರ್ ಇದ್ದಿದ್ದರೆ ಹೇಗಿರುತ್ತಿತ್ತು ಅಂತ ಕೇಳುವವರು ಈಗಲೂ ಇದ್ದಾರೆ. 2010ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅವನು ಒಂದೇ ಒಂದು ಹಾಡಿಗೆ ವೇದಿಕೆ ಹತ್ತಿದ್ದ. ಗೋರ್ 'ಸಂಬಡಿ' ಹಾಡಿದ, ಅವನು ಪಿಯಾನೋ ನುಡಿಸಿದ, ಇಬ್ಬರೂ ತಬ್ಬಿಕೊಂಡರು, ಇಳಿದು ಹೋದ. ಆ ವಿಡಿಯೋ ನೋಡಿ ನಾನೂ ಕಣ್ಣೊರೆಸಿಕೊಂಡಿದ್ದೇನೆ. ಆದರೆ 'ಗೋಸ್ಟ್ಸ್ ಅಗೇನ್' ಕೇಳುವಾಗ ಆ ಪ್ರಶ್ನೆ ನನಗೆ ಬರಲೇ ಇಲ್ಲ.

ಮೊನ್ನೆ ಆ ಎದುರು ರೂಮಿನವನಿಗೆ 'ಮೆಮೆಂಟೊ ಮೋರಿ' ಲಿಂಕ್ ಕಳಿಸಿದೆ. ಅವನೀಗ ಪುಣೆಯಲ್ಲಿದ್ದಾನೆ, ಎರಡು ಮಕ್ಕಳು. ರಾತ್ರಿ ಹನ್ನೊಂದಕ್ಕೆ ಉತ್ತರ ಬಂತು: "ಚೆನಾಗಿದೆ ಕಣೋ. ಆದ್ರೂ ನಮ್ ಹಾಸ್ಟೆಲ್ ಆಲ್ಬಮ್ ಥರ ಇಲ್ಲ." ಕೊನೆಯ 'ಸ್ಪೀಕ್ ಟು ಮಿ' ತನಕ ಕೇಳಿದ್ಯಾ ಅಂತ ಕೇಳಿದೆ. ಇಲ್ಲವಂತೆ, ಮಗ ಎದ್ದುಬಿಟ್ಟನಂತೆ.